ಬಾವಿ ಮುಚ್ಚಿಸಿದ್ದು ಯಾರು?

ನಮ್ಮ ‘ಅಜ್ಜನ ಮನೆ’ ಗುಂಪಿನಲ್ಲಿ ಭಾನುವಾರ ನಡೆದದ್ದು. ಬೆಳಿಗ್ಗೆ 6 ಗಂಟೆಗೆ ಎಂದಿನಂತೆ ದೊಡ್ಡಪ್ಪನೇ ಮೊದಲು.

ದೊಡ್ಡಪ್ಪ (ಫಾರ್ವರ್ಡ್): ಲಂಡನ್ ಪೇಟೆಯ ಅಡಿಯಲ್ಲಿ ರೋಗ ವಾಸಿ ಮಾಡುವ ಬಾವಿಗಳು ಪತ್ತೆ!! ಶಿವಮೊಗ್ಗದ ಗಾಂಧಿ ಬಜಾರಿನ ಕೆಳಗೂ ಇಂಥ 7 ಬಾವಿ!! 10 ಜನರಿಗೆ ಕಳಿಸಿ!!

ಅತ್ತೆ: 🙏🙏

ಸುಮಾ: ಏಳು ಅಂತ ಎಣಿಸಿದ್ದು ಯಾರು ದೊಡ್ಡಪ್ಪ? ಇದರ ಮೂಲ ಯಾವುದು?

ದೊಡ್ಡಪ್ಪ: ನದೀಮೂಲ, ಋಷಿಮೂಲ ಕೇಳಬಾರದು.

ಸುಮಾ: ನಾನು ಕೇಳಿದ್ದು ಬಾವಿಮೂಲ.

ದೊಡ್ಡಪ್ಪ: ಗಂಗಾ ಸ್ನಾನ, ತುಂಗಾ ಪಾನ ಅಂತ ಹಿರಿಯರು ಸುಮ್ನೆ ಹೇಳಿದ್ದಾರಾ?

ಸುಮಾ: ಅದು ಹೊಳೆ. ಲಂಡನ್ ಕಥೆ ಅರ್ಧ ನಿಜ, ಆದರೆ ಹಳೇದು. ಕ್ಲರ್ಕನ್‌ವೆಲ್ ಅನ್ನುವ ಬಡಾವಣೆಗೆ ಹೆಸರು ಕೊಟ್ಟ ಬಾವಿ 1924ರಲ್ಲೇ ಕಟ್ಟಡದ ಕೆಲಸದಲ್ಲಿ ಮತ್ತೆ ಸಿಕ್ಕಿತು. ಹತ್ತಿರದಲ್ಲೇ 1683ರಲ್ಲಿ ಸ್ಯಾಡ್ಲರ್ ಅನ್ನುವವನ ಜಾಗದಲ್ಲಿ ಕಬ್ಬಿಣದಂಶದ ನೀರಿನ ಬಾವಿ ಸಿಕ್ಕಿತ್ತು. ಔಷಧಿ ಅಂತ ಜನ ಮುಗಿಬಿದ್ದರು. ಈಗ ಅಲ್ಲಿ ನಾಟಕಶಾಲೆ ಇದೆ, ಹೆಸರು ಮಾತ್ರ ಬಾವಿಯದೇ.

(ಇಷ್ಟುದ್ದ ಯಾರೂ ಓದಲಿಲ್ಲ. ಪ್ರಸನ್ನಣ್ಣ ‘ಕಬ್ಬಿಣ’ದವರೆಗೆ ಓದಿದ.)

ಪ್ರಸನ್ನಣ್ಣ: ನಮ್ಮ ಬಾವಿ ನೀರಲ್ಲೂ ಕಬ್ಬಿಣ ಇತ್ತು ಮಾರಾಯ್ತಿ! ಜಂಬಿಟ್ಟಿಗೆ ನೆಲ ಅಲ್ವಾ. ಅಜ್ಜನ ಬಿಳಿ ಪಂಚೆ ಎಲ್ಲ ಕೆಂಪು. ಅಜ್ಜಿ ಕೊಡಪಾನ ಇಳಿಸಿದರೆ ಗಡಗಡೆ ಸದ್ದಿಗೇ ನಮಗೆ ಎಚ್ಚರ. ಬಾವಿಕಟ್ಟೆ ಮೇಲೆ ಕೂತು ಹಲಸಿನ ಹಪ್ಪಳ ತಿಂದದ್ದು ನೆನಪಿದೆಯಾ?

ಅತ್ತೆ: ಆ ನೀರು ಕುಡಿದೇ ಅಮ್ಮ 91 ವರ್ಷ ಬದುಕಿದ್ದು.

ಸುಮಾ: ರುಚಿ ನೋಡಿ ನಂಬಬಾರದು ಅತ್ತೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ನೀರೂ ರುಚಿಯಾಗಿಯೇ ಇತ್ತು. ದೂರದ ಹ್ಯಾಂಪ್‌ಸ್ಟೆಡ್‌ಗೆ ಅದನ್ನು ತರಿಸಿಕೊಂಡು ಕುಡಿದ ಒಬ್ಬ ಹೆಂಗಸೂ ಕಾಲರಾದಿಂದ ಸತ್ತಳು. ಒಟ್ಟು 600ಕ್ಕೂ ಜಾಸ್ತಿ ಜನ. ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿ ತೋರಿಸಿದ. ಪಕ್ಕದ ಬಿಯರ್ ಕಾರ್ಖಾನೆಯ ಕೆಲಸಗಾರರು ಬಿಯರ್ ಕುಡಿಯುತ್ತಿದ್ದರು, ಅವರು ಉಳಿದರು.

ಚಿಕ್ಕಪ್ಪ: 😀😀 ಕೊನೆಯ ಸಾಲು ಚೆನ್ನಾಗಿದೆ.

ದೊಡ್ಡಪ್ಪ: ಇದು ಮನೆ ಗುಂಪು. ಮಕ್ಕಳಿದ್ದಾರೆ.

ಚಿಕ್ಕಪ್ಪ: ಅಂತೂ ನಾನು ಬಾವಿ ಮುಚ್ಚಿಸಿದ್ದು ಸರಿ ಅಂತ ಆಯಿತಲ್ಲ.

ಅಲ್ಲಿಗೆ ನಮ್ಮ ಭಾನುವಾರ ಮುಗಿಯಿತು. ಗಾಂಧಿ ಬಜಾರಿನ ಏಳು ಬಾವಿ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಅತ್ತೆ: ಕಾಲರಾಕ್ಕೆ ಹೆದರಿ ಮುಚ್ಚಿಸಿದೆಯಾ ನೀನು? ಕಾರು ನಿಲ್ಲಿಸಲು ಮುಚ್ಚಿಸಿದ್ದು. ಯಾರನ್ನು ಕೇಳಿದೆ?

ಚಿಕ್ಕಪ್ಪ: ಅಣ್ಣನನ್ನು ಕೇಳಿದ್ದೆ. ಹೂಂ ಅಂದಿದ್ದ.

ದೊಡ್ಡಪ್ಪ ಟೈಪ್ ಮಾಡುತ್ತಲೇ ಇದ್ದರು. ಹತ್ತು ನಿಮಿಷದ ಮೇಲೆ ಬಂದದ್ದು ಒಂದೇ ಸಾಲು.

ದೊಡ್ಡಪ್ಪ: ಫೋನಿನಲ್ಲಿ ಸರಿಯಾಗಿ ಕೇಳಿಸಿರಲಿಲ್ಲ.

ಅತ್ತೆ: ಎಂತ ಕೇಳಿಸಿರಲಿಲ್ಲವೋ! ಹೋಗಲಿ, ಬಾವಿ ಮುಚ್ಚಿದಿರಿ. ಗಡಗಡೆ ಏನಾಯಿತು? ಅಮ್ಮನ ಹಿತ್ತಾಳೆ ಕೊಡಪಾನ ಎಲ್ಲಿ?

ನೀಲಿ ಟಿಕ್ ಮಾತ್ರ. ಸುಮಾ ಕೂಡ ಮೂಲ ಕೇಳಲಿಲ್ಲ.

ಮಧ್ಯಾಹ್ನ ಪ್ರಸನ್ನಣ್ಣ ಒಂದು ಫೋಟೋ ಹಾಕಿದ. ಬೆಂಗಳೂರಿನ ಅವನ ಬಾಲ್ಕನಿ. ಗಡಗಡೆಯಿಂದ ಮನಿ ಪ್ಲಾಂಟ್ ಇಳಿಬಿಟ್ಟಿದೆ.

ಪ್ರಸನ್ನಣ್ಣ: ಸುಮ್ನೆ ತುಕ್ಕು ಹಿಡಿಯುತ್ತದಲ್ಲ ಅಂತ ತಂದೆ ಅತ್ತೆ. ನೆನಪಿಗೆ.

ಅತ್ತೆ: ಫೋಟೋದ ಮೂಲೆಯಲ್ಲಿ ಅರ್ಧ ಹೊಳೆಯುತ್ತಿರುವುದು ಏನು? ಸ್ವಲ್ಪ ಆ ಕಡೆ ತಿರುಗಿಸಿ ಇನ್ನೊಂದು ತೆಗೆ.