ಅಂಟವಾಳದ ನೀರು ವಾರದೊಳಗೆ ಹಳಸುತ್ತಿದೆ, ಕೆಡದಂತೆ ಇಡುವುದು ಹೇಗೆ?

ತಿಪಟೂರು ಹತ್ತಿರದ ಹಳ್ಳಿಯಿಂದ, ಪ್ರಶ್ನೆ:
ನಮ್ಮ ತೋಟದ ಬೇಲಿಯಲ್ಲಿ ದೊಡ್ಡದೊಂದು ಅಂಟವಾಳದ ಮರವಿದೆ. ಈ ಸಲ ಚೀಲಗಟ್ಟಲೆ ಕಾಯಿ ಸಿಕ್ಕಿದೆ. ಬೇಯಿಸಿ, ಕಿವುಚಿ, ಸೋಸಿ ಬಾಟಲಿಗೆ ತುಂಬಿಟ್ಟರೆ ವಾರದೊಳಗೆ ಹುಳಿ ವಾಸನೆ ಬಂದು ಮೇಲೆ ಬೂಷ್ಟು ಕಟ್ಟುತ್ತದೆ. ಮಗಳ ಚರ್ಮಕ್ಕೆ ಅಂಗಡಿಯ ಸೋಪಿನ ಪುಡಿ ಒಗ್ಗುವುದಿಲ್ಲ, ಅದಕ್ಕೇ ವರ್ಷಪೂರ್ತಿ ಇದನ್ನೇ ಬಳಸಬೇಕು ಅಂತ ಆಸೆ. ನಮ್ಮದು ಬೋರ್‌ವೆಲ್ ನೀರು, ತುಂಬ ಗಡುಸು. ಹಿತ್ತಲಲ್ಲಿ ನಿಂಬೆ, ದಾಸವಾಳವೂ ಇವೆ, ಅವುಗಳಿಂದ ಏನಾದರೂ ಉಪಯೋಗ ಉಂಟಾ? ಮಾಡಿ ಗೊತ್ತಿರುವವರು ಹೇಳಿ.

ಶಿರಸಿಯಿಂದ:
ಅಕ್ಕಾ, ನೀರನ್ನು ಕಾಪಾಡಲು ಹೋಗಬೇಡಿ, ಸಿಪ್ಪೆಯನ್ನು ಕಾಪಾಡಿ. ನೊರೆ ಕೊಡುವ ಸಪೋನಿನ್ ಇರುವುದು ಕಾಯಿಯ ಸಿಪ್ಪೆಯಲ್ಲಿ. ಅದೇ ಸಿಪ್ಪೆಯಲ್ಲಿ ಸಕ್ಕರೆ ಅಂಶವೂ ಇದೆ, ಮುಟ್ಟಿದರೆ ಅಂಟುವುದು ಅದಕ್ಕೇ. ಎರಡೂ ಒಟ್ಟಿಗೆ ನೀರಿಗೆ ಇಳಿಯುತ್ತವೆ. ಸಕ್ಕರೆ ಸಿಕ್ಕ ಮೇಲೆ ಹುಳಿ ಬರದೆ ಇರುತ್ತದೆಯೇ! ಒಣಗಿದ ಸಿಪ್ಪೆಗೆ ಆ ತೊಂದರೆ ಇಲ್ಲ, ಗಾಳಿಯಾಡದ ಡಬ್ಬಿಯಲ್ಲಿ ಎರಡು ಮೂರು ವರ್ಷ ಇಟ್ಟರೂ ನೊರೆ ಹಾಗೇ ಬರುತ್ತದೆ.

ಶಿವರಾತ್ರಿ ಕಳೆದ ಮೇಲೆ ಉದುರುವ ಕಾಯಿಯನ್ನೇ ಆರಿಸಿ, ಹಸಿರು ಕಾಯಿ ಕೀಳಬೇಡಿ. ಬೀಜ ತೆಗೆದು ಸಿಪ್ಪೆಯನ್ನು ಯುಗಾದಿ ಆಸುಪಾಸಿನ ಬಿಸಿಲಿಗೆ ಹರವಿ. ಬೀಜದಲ್ಲಿ ನೊರೆ ಇಲ್ಲ, ಬಿಟ್ಟರೆ ಮಿಕ್ಸಿಯ ಬ್ಲೇಡ್ ಹಾಳು. ಮುರಿದರೆ ಪಟಕ್ಕೆಂದು ಮುರಿಯಬೇಕು, ಬಗ್ಗಿದರೆ ಇನ್ನೂ ಒಣಗಿಲ್ಲ ಎಂದೇ ಲೆಕ್ಕ. ನಮ್ಮ ಮಳೆಗಾಲದಲ್ಲಿ ಸಿಪ್ಪೆ ಗಾಳಿಯ ತೇವ ಹೀರಿ ಮತ್ತೆ ಮೆತ್ತಗಾಗುತ್ತದೆ. ಹಾಗಾಗಿ ಮಳೆ ಹಿಡಿಯುವ ಮೊದಲು, ಬಿಸಿಲಲ್ಲಿ ಕಾದ ಸಿಪ್ಪೆ ಪೂರ್ತಿ ತಣಿದ ಕೂಡಲೇ ಡಬ್ಬಿಗೆ ತುಂಬಿ ಮುಚ್ಚಿಬಿಡುತ್ತೇವೆ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ.

ಬೇಕಾದಾಗ ಒಂದು ಹಿಡಿ ಸಿಪ್ಪೆಯನ್ನು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಸ್ಟೀಲ್ ಪಾತ್ರೆಯೇ ಇರಲಿ. ಅದೇ ಸಿಪ್ಪೆಗೆ ಇನ್ನೊಮ್ಮೆ ನೀರು ಹಾಕಿ ಕುದಿಸಿದರೆ ತೆಳ್ಳಗಿನ ನೀರು ಸಿಗುತ್ತದೆ, ನೆಲ ಒರೆಸಲು ಸಾಕು. ಮೂರು ನಾಲ್ಕು ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳುವುದು ನಮ್ಮ ಮನೆಯ ಪದ್ಧತಿ.

ಬೆಂಗಳೂರಿನಿಂದ:
ಮೇಲಿನವರು ಹೇಳಿದ್ದು ನಿಜ, ಆದರೆ ಕೆಲಸಕ್ಕೆ ಹೋಗುವವರಿಗೆ ಮೂರು ದಿನಕ್ಕೊಮ್ಮೆ ಒಲೆ ಹಚ್ಚುವುದು ಆಗದ ಮಾತು. ನಾನು ಗಟ್ಟಿಯಾಗಿ ಕುದಿಸಿ, ಸೋಸಿ, ಐಸ್ ಟ್ರೇಗೆ ಹಾಕಿ ಫ್ರೀಜರ್‌ನಲ್ಲಿ ಇಡುತ್ತೇನೆ. ಗಡ್ಡೆಗಳನ್ನು ಡಬ್ಬಿಗೆ ಹಾಕಿ ಮೇಲೆ ‘ಬಟ್ಟೆಗೆ ಮಾತ್ರ’ ಅಂತ ಬರೆದಿಡಿ, ಮನೆಯಲ್ಲಿ ಮಗು ಇದೆ ಅಂದಿರಲ್ಲ. ತಿಂಗಳುಗಟ್ಟಲೆ ಕೆಡುವುದಿಲ್ಲ. ಬಳಸುವಾಗ ನಾಲ್ಕೈದು ಗಡ್ಡೆ ಬಿಸಿನೀರಿನಲ್ಲಿ ಕರಗಿಸಿ ಬಟ್ಟೆಯ ಮೇಲೇ ಸುರಿಯಬಹುದು. ನಿಂಬೆರಸ ಹಿಂಡಿದರೆ ಒಂದೆರಡು ದಿನ ಹೆಚ್ಚು ಬಾಳುತ್ತದೆ ಅಷ್ಟೇ, ಅದನ್ನೇ ನಂಬಿ ಹೊರಗಿಡಬೇಡಿ.

ಇನ್ನೂ ಸುಲಭ ಬೇಕೆಂದರೆ ಐದಾರು ಒಣ ಸಿಪ್ಪೆಯನ್ನು ಹಳೇ ಕಾಟನ್ ಚೀಲದಲ್ಲಿ ಗಂಟು ಕಟ್ಟಿ ಬಟ್ಟೆಯ ಜೊತೆ ಮಷಿನ್‌ಗೆ ಹಾಕಿ. ಬೆಚ್ಚಗಿನ ನೀರಿದ್ದರೆ ಒಳ್ಳೆಯದು, ತಣ್ಣೀರಲ್ಲಿ ಸತ್ವ ಬಿಡುವುದು ನಿಧಾನ. ನೊರೆ ಕಡಿಮೆ ಕಂಡರೆ ಗಾಬರಿ ಬೇಡ, ನೊರೆಯ ಎತ್ತರಕ್ಕೂ ಕೊಳೆ ಹೋಗುವುದಕ್ಕೂ ಸಂಬಂಧವಿಲ್ಲ.

ಗಡುಸು ನೀರಿನ ಬಗ್ಗೆ ಕೇಳಿದಿರಿ. ಅಲ್ಲಿ ಅಂಟವಾಳವೇ ಮೇಲು. ಸಾಬೂನು ಗಡುಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಕೆಟ್ಟಿನ ಅಂಚಿಗೆ ಬಿಳಿ ಜಿಡ್ಡಾಗಿ ಕೂರುತ್ತದಲ್ಲ, ಸಪೋನಿನ್ ಹಾಗೆ ಆಗುವುದಿಲ್ಲ.

ಮೈಸೂರಿನಿಂದ:
ನಮ್ಮ ಮನೆಯಲ್ಲಿ ರೇಷ್ಮೆ ಸೀರೆಗೆ ಬೇರೆ ಏನನ್ನೂ ಮುಟ್ಟಿಸುವುದಿಲ್ಲ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನಿನ ನೂಲು, ಸೋಡಾದಂಥ ಕ್ಷಾರ ತಗುಲಿದರೆ ಹೊಳಪು ಹೋಗಿ ನೂಲೇ ಸೊರಗುತ್ತದೆ. ಅಂಟವಾಳದ ನೀರು ಸ್ವಲ್ಪ ಹುಳಿಯ ಗುಣದ್ದು, ಅದಕ್ಕೇ ಒಗ್ಗುತ್ತದೆ. ತಣ್ಣೀರಿಗೆ ಸೋಸಿದ ನೀರು ಬೆರೆಸಿ, ಸೀರೆ ಅದ್ದಿ, ಹಿಂಡದೆ ಎತ್ತಿ, ನೆರಳಲ್ಲಿ ಒಣಹಾಕಿ. ಬಣ್ಣ ಬಿಡುತ್ತದೆಯೋ ಅಂತ ಸೆರಗಿನ ಒಳ ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ.

ಬಿಳಿ ಬಟ್ಟೆಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಕುದಿಸಿದ ನೀರು ಕಂದು ಬಣ್ಣದ್ದು, ದಿನಾ ಒಗೆದರೆ ಬಿಳುಪು ಮಂಕಾಗುತ್ತದೆ. ಬಿಳಿ ಹತ್ತಿಗೆ ಹಿಂದಿನವರು ಬಳಸಿದ್ದು ಬೂದಿಯ ತಿಳಿನೀರು, ಚೌಳು ಮಣ್ಣು. ಅಗಸರು ಬಟ್ಟೆಯನ್ನು ಉಬ್ಬೆಗೆ ಹಾಕುತ್ತಿದ್ದದ್ದೂ ಆ ಕ್ಷಾರದಲ್ಲೇ. ಸೌದೆ ಒಲೆ ಇದ್ದರೆ ಬೂದಿಯನ್ನು ನೀರಲ್ಲಿ ಕಲಕಿ, ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಕೈ ಉರಿಯಬಹುದು, ಕೋಲಿನಿಂದ ಕಲಕಿ. ರೇಷ್ಮೆಯ ಹತ್ತಿರವೂ ತರಬೇಡಿ.

ಪುತ್ತೂರಿನಿಂದ:
ನಿಂಬೆ ಇದ್ದರೆ ಸಿಪ್ಪೆ ಬಿಸಾಡಬೇಡಿ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಹುದುಗಲು ಬಿಡಿ. ಪ್ಲಾಸ್ಟಿಕ್ ಡಬ್ಬಿಯೇ ಇರಲಿ, ಮೇಲೆ ಜಾಗ ಬಿಡಿ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಗಾಜಿನದಾದರೆ ಒತ್ತಡಕ್ಕೆ ಸಿಡಿಯುವ ಭಯವಿದೆ. ಇದು ಹುಳಿ ನೀರು, ನಲ್ಲಿಯ ಬಿಳಿ ಕಲೆಗೆ, ಬಚ್ಚಲಿಗೆ ಬಹಳ ಒಳ್ಳೆಯದು. ಬಟ್ಟೆಯ ಕೊಳೆಗೆ ಇದೊಂದೇ ಸಾಲದು, ಅಂಟವಾಳದ ನೀರಿನ ಜೊತೆ ಆ ಹೊತ್ತಿಗೆ ಬೆರೆಸಿಕೊಳ್ಳಿ. ಬ್ಲೀಚಿಂಗ್ ಪುಡಿಯ ಜೊತೆ ಮಾತ್ರ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ತಿಪಟೂರಿನವರು:
ಎಲ್ಲರಿಗೂ ವಂದನೆ. ಸಿಪ್ಪೆ ಒಣಗಿಸಲು ಹಾಕಿದ್ದೇನೆ. ದಾಸವಾಳದ ಬಗ್ಗೆ ಯಾರೂ ಹೇಳಲಿಲ್ಲ. ಒಗೆದ ನೀರನ್ನು ತೆಂಗಿನ ಬುಡಕ್ಕೆ ಬಿಡಬಹುದಾ? ಪುಡಿ ಮಾಡಿಟ್ಟರೆ ಹೇಗೆ?

ಶಿರಸಿಯಿಂದ:
ದಾಸವಾಳದ ಎಲೆ ಕೊಡುವುದು ಲೋಳೆ. ತಲೆಗೆ ಚೆಂದ, ಬಟ್ಟೆಗೆ ಬೇಡ, ಹಸಿರು ಕಲೆಯಾಗುತ್ತದೆ. ಅದರ ಬದಲು ಬೇಲಿಗೆ ಸೀಗೆ ಹಬ್ಬಿಸಿ. ಮುಳ್ಳು ಬೇಲಿಯೂ ಆಯಿತು, ಕಾಯಿಯೂ ಸಿಕ್ಕಿತು.

ಪುಡಿ ಮಾಡಬಹುದು. ಆದರೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಿಕ್ಸಿ ನಿಂತು ಪುಡಿ ಕೂತ ಮೇಲೇ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಸೀನು ನಿಲ್ಲುವುದಿಲ್ಲ. ಕಣ್ಣಿಗೆ ನೀರಾಗಲಿ ಪುಡಿಯಾಗಲಿ ಬಿದ್ದರೆ ವಿಪರೀತ ಉರಿ, ಮಗುವಿನ ಕೈಗೆ ಸಿಗದ ಕಡೆ ಇಡಿ. ಮಗುವಿನ ಬಟ್ಟೆಯನ್ನು ಎರಡು ಸಲ ಚೆನ್ನಾಗಿ ಜಾಲಿಸಿ. ಮೊದಲು ಒಂದೇ ಅಂಗಿ ಒಗೆದು ಹಾಕಿ, ಎರಡು ಮೂರು ದಿನ ಚರ್ಮ ನೋಡಿ. ಕೆಂಪಾದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಗಿಡದ್ದು ಅಂದ ಮಾತ್ರಕ್ಕೆ ಎಲ್ಲರಿಗೂ ಒಗ್ಗಬೇಕೆಂದೇನಿಲ್ಲ.

ತೆಂಗಿಗೆ ಧಾರಾಳ ಬಿಡಿ. ಬೂದಿ ನೀರಾದರೆ ಒಂದೇ ಬುಡಕ್ಕೆ ಸುರಿಯದೆ ಬದಲಾಯಿಸುತ್ತಿರಿ. ಕೆರೆ, ಕಟ್ಟೆ, ಹಳ್ಳಕ್ಕೆ ಮಾತ್ರ ಹರಿಯಬಾರದು. ಸಪೋನಿನ್ ಮೀನಿನ ಕಿವಿರಿಗೆ ವಿಷ, ಹಳ್ಳದಲ್ಲಿ ಮೀನು ಮಂಕಾಗಿಸಿ ಹಿಡಿಯಲು ಅಂಟವಾಳ ಜಜ್ಜಿ ಹಾಕುತ್ತಿದ್ದದ್ದೂ ಉಂಟು. ನಿಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗಿ ಸೇರುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ.