ಅಪ್‌ಡೇಟ್: ಅಜ್ಜಿಯ ಮುಳುಗಡೆ ಊರಿಗೆ ಹೋಗಿ ಬಂದೆವು

ಅಜ್ಜಿಯ ತವರೂರು ಶರಾವತಿ ಹಿನ್ನೀರಲ್ಲಿ ಮುಳುಗಿದೆ, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಏನು ತೋರಿಸಲಿ ಅಂತ ಕೇಳಿದ್ದೆ. ಮೇ ಕೊನೆಗೆ ನೀರು ಇಳಿದಿರುತ್ತೆ, ಆಗ ಹೋಗಿ ಅಂದವರಿಗೆ ಥ್ಯಾಂಕ್ಸ್.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು, ತೋಟದ ಜೊತೆ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತ್ತು. ನಾವು ಹೋದಾಗ ನೀರು ಇಳಿದು, ಮಡೆನೂರಿನ ಹತ್ತಿರ ಆ ಹಳೆಯ ಅಣೆಕಟ್ಟು ಪೂರ್ತಿ ಎದ್ದು ನಿಂತಿತ್ತು. ಅಣೆಕಟ್ಟನ್ನೇ ಅಣೆಕಟ್ಟು ಮುಳುಗಿಸೋದಾ ಅಂತ ಮಗನಿಗೆ ಆಶ್ಚರ್ಯ. ಅಜ್ಜಿಯ ಮನೆ ಜಾಗ ಮಾತ್ರ ಗೊತ್ತಾಗಲಿಲ್ಲ. ಬರೀ ಬಿರಿದ ಕೆಸರು, ಕಪ್ಪಾದ ಮರದ ಬೊಡ್ಡೆಗಳು. ಅಜ್ಜಿ ಅಲ್ಲಿ ಮಾತೇ ಆಡಲಿಲ್ಲ.

ಮಾತು ಬಂದಿದ್ದು ಮಾರನೇ ದಿನ, ಹಲಸಿನ ಹಪ್ಪಳ ಮಾಡುವಾಗ. ಬೇಯಿಸಿದ ತೊಳೆ ಒರಳಲ್ಲಿ ಕುಟ್ಟಿ, ಮಕ್ಕಳು ಉಂಡೆ ಮಾಡಿಕೊಟ್ಟರು. ಅರ್ಧ ಹಿಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಹಾಗೇ ತಿಂದರು ಬಿಡಿ! ಕೈ ಆಡುತ್ತಿದ್ದ ಹಾಗೆ ಅಜ್ಜಿ ಸುಮ್ನೆ ಶುರು ಮಾಡಿದರು: ಊರು ಬಿಡುವಾಗ ಲಾರಿಗೆ ಏರಿಸಿದ್ದು ಒರಳು, ಬಾಗಿಲು, ಹೆಂಚು, ಕಟ್ಟಿದ್ದ ಹಸು ಹತ್ತಲೇ ಇಲ್ಲ. ಮಗಳು ಫೋನಲ್ಲಿ ರೆಕಾರ್ಡ್ ಮಾಡಿಕೊಂಡಳು. ನನ್ನ ಪ್ರಕಾರ, ಊರು ನೋಡಿದ್ದಕ್ಕಿಂತ ಇದೇ ಜಾಸ್ತಿ ಸಿಕ್ಕಿದ್ದು.

ಹೋಗೋರಿಗೆ ಒಂದು ಮಾತು: ಕೆಸರು ಮೇಲೆ ಒಣಗಿದ್ದರೂ ಒಳಗೆ ಹಸಿ ಇರುತ್ತೆ. ಮಕ್ಕಳ ಕೈ ಬಿಡಬೇಡಿ.