ರೂಟರ್ ಎರಡಿದ್ದರೂ ಫೈಬರ್ ಕಡಿದಾಗ ಸಂಪರ್ಕ ನಿಲ್ಲುತ್ತಿದೆ: ಅನುಭವವಿದ್ದವರು ಹೇಳಿ

ಪ್ರಶ್ನೆ, ಕಲಬುರಗಿಯ ಕಪನೂರಿನಿಂದ:
ನಮ್ಮ ಬೇಳೆ ಗಿರಣಿಯ ಲೆಕ್ಕಪತ್ರ, ಗೋದಾಮು, ಹಾಜರಿ ಎಲ್ಲವೂ ಎರಡು ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ಸರ್ವರ್ ನಡೆಸುವ ತಂತ್ರಾಂಶ) ಯಂತ್ರಗಳ ಮೇಲಿನ ವರ್ಚುವಲ್ ಸರ್ವರ್‌ಗಳಲ್ಲಿವೆ. ಯಂತ್ರಕ್ಕೊಂದು ಲಿನಕ್ಸ್ ರೂಟರ್ ಇಟ್ಟು, ಕೀಪ್‌ಅಲೈವ್‌ಡಿ ಎಂಬ ತಂತ್ರಾಂಶದ ಮೂಲಕ ವಿಆರ್‌ಆರ್‌ಪಿ (ಒಂದು ರೂಟರ್ ನಿಂತರೆ ಇನ್ನೊಂದು ಅದರ ಜಾಗಕ್ಕೆ ಬರುವ ವ್ಯವಸ್ಥೆ) ಹಾಕಿದ್ದೇವೆ. ಒಂದೊಂದಕ್ಕೂ ಬೇರೆ ಕಂಪನಿಯ ಫೈಬರ್. ಮೊದಲ ರೂಟರ್ ಆರಿಸಿದರೆ ಎರಡನೆಯದು ಚೆನ್ನಾಗಿಯೇ ಹೊಣೆ ಹೊರುತ್ತದೆ. ಆದರೆ ರಸ್ತೆ ಅಗೆದು ಮೊದಲ ಫೈಬರ್ ಕಡಿದ ದಿನ ಎರಡನೆಯ ರೂಟರ್ ಕದಲಲೇ ಇಲ್ಲ. ಒಮ್ಮೊಮ್ಮೆ ಎರಡೂ ತಾವೇ ಮಾಸ್ಟರ್ (ಹೊಣೆ ಹೊತ್ತ ರೂಟರ್) ಎನ್ನುತ್ತವೆ.

ಬೀದರ್‌ನಿಂದ, ಕಾಲೇಜೊಂದರ ಸರ್ವರ್ ಕೋಣೆ ನೋಡಿಕೊಳ್ಳುವವರು:
ಸರ್, ಕದಲದೆ ಇದ್ದದ್ದು ಅದರ ದೋಷವಲ್ಲ. ಫೈಬರ್ ಹೋದ ಸುದ್ದಿ ಅದಕ್ಕೆ ಮುಟ್ಟುವುದೇ ಇಲ್ಲ. ಮಾಸ್ಟರ್ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು 224.0.0.18 ವಿಳಾಸಕ್ಕೆ ಪ್ಯಾಕೆಟ್ ಕಳುಹಿಸುತ್ತದೆ. ಸುಮಾರು ಮೂರೂವರೆ ಸೆಕೆಂಡು ಆ ಸದ್ದು ಕೇಳದಿದ್ದರೆ ಮಾತ್ರ ಬ್ಯಾಕಪ್ (ಕಾಯುತ್ತಿರುವ ರೂಟರ್) ವರ್ಚುವಲ್ ಐಪಿಯನ್ನು, ಅಂದರೆ ಸರ್ವರ್‌ಗಳು ಹೊರದಾರಿ (ಗೇಟ್‌ವೇ) ಎಂದು ನಂಬಿದ ಹಂಚಿಕೆಯ ವಿಳಾಸವನ್ನು, ತೆಗೆದುಕೊಳ್ಳುತ್ತದೆ. ಹೊರಗಿನ ಫೈಬರ್ ಕಡಿದರೆ ಒಳಗಿನ ಈ ಸದ್ದು ನಿಲ್ಲುವುದಿಲ್ಲವಲ್ಲ! ವಿಆರ್‌ಆರ್‌ಪಿ ಪಕ್ಕದವನ ಉಸಿರು ನೋಡುತ್ತದೆಯೇ ಹೊರತು ಊರಿನ ದಾರಿ ತೆರೆದಿದೆಯೇ ಎಂದು ನೋಡುವುದಿಲ್ಲ.

ಆ ದಾರಿ ನೋಡುವ ಕೆಲಸವನ್ನು ಒಂದು ಸಣ್ಣ ಸ್ಕ್ರಿಪ್ಟ್‌ಗೆ ಒಪ್ಪಿಸಿ. ಅದು ಕಂಪನಿಯ ಗೇಟ್‌ವೇಯನ್ನಷ್ಟೇ ಅಲ್ಲ, ಅದರಾಚೆಗಿನ ಎರಡು ವಿಳಾಸಗಳನ್ನು ಪಿಂಗ್ ಮಾಡಲಿ. ಎರಡೂ ಸತತ ಮೂರು ಸಲ ಉತ್ತರಿಸದಿದ್ದರೆ ಮಾತ್ರ ಸೋಲೆಂದು ಎಣಿಸಲಿ. ಸೋತಾಗ ರೂಟರ್‌ನ ಪ್ರಯಾರಿಟಿಯಿಂದ (ಇದು ಹೆಚ್ಚಿದ್ದವನೇ ಮಾಸ್ಟರ್) ಎಷ್ಟು ಅಂಕ ಕಳೆಯಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಮೊದಲ ರೂಟರ್‌ನ ಪ್ರಯಾರಿಟಿ 150, ಎರಡನೆಯದು 100 ಎಂದಿಟ್ಟುಕೊಳ್ಳಿ. 20 ಕಳೆದರೆ ಉಳಿಯುವುದು 130, ಮಾಸ್ಟರ್ ಕುರ್ಚಿ ಬಿಡುವುದಿಲ್ಲ. 60 ಕಳೆದರೆ 90, ಆಗ ಬಿಡುತ್ತದೆ.

ಅಂಕ ಕಳೆಯುವುದೇ ಬೇಡ, ನೇರವಾಗಿ ಫಾಲ್ಟ್ (ಮಾಸ್ಟರ್ ಆಗಲಾರದ) ಸ್ಥಿತಿಗೆ ತಳ್ಳೋಣ ಎಂದು ಕೆಲವರು ಸಲಹೆ ಕೊಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಎರಡೂ ಫೈಬರ್ ಒಟ್ಟಿಗೆ ಹೋದ ದಿನ ಎರಡೂ ರೂಟರ್ ಫಾಲ್ಟ್‌ಗೆ ಬಿದ್ದು, ವರ್ಚುವಲ್ ಐಪಿಗೆ ವಾರಸುದಾರರೇ ಇರುವುದಿಲ್ಲ. ಗೋದಾಮಿನ ವಿಲ್ಯಾನ್‌ನಿಂದ (ಅದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ಜಾಲ) ಲೆಕ್ಕದ ಸರ್ವರ್‌ಗೆ ಹೋಗುವ ಒಳಗಿನ ಸಂಚಾರವೂ ನಿಲ್ಲುತ್ತದೆ. ಅಂಕ ಕಳೆದರೆ 90 ಮತ್ತು 40 ಉಳಿದು, ಒಬ್ಬನಾದರೂ ಗೇಟ್‌ವೇ ಆಗಿ ನಿಂತಿರುತ್ತಾನೆ. ಇನ್ನೊಂದು, ಎರಡು ಕಂಪನಿಗಳ ಫೈಬರ್ ಒಂದೇ ಗುಂಡಿಯಲ್ಲಿ ಮಲಗಿದೆಯೇ ಎಂದು ಲೈನ್‌ಮನ್‌ನನ್ನೇ ಕೇಳಿ. ಬಿಲ್ ಎರಡು ಬಂದರೆ ದಾರಿ ಎರಡಾಗುವುದಿಲ್ಲ.

ಯಾದಗಿರಿಯಿಂದ:
ಇಬ್ಬರು ಮಾಸ್ಟರ್ ಆಗುವುದಕ್ಕೆ ನನ್ನ ಉತ್ತರ. ಬ್ಯಾಕಪ್ ರೂಟರ್‌ನಲ್ಲಿ ಟಿಸಿಪಿಡಂಪ್ (ಬಂದುಹೋಗುವ ಪ್ಯಾಕೆಟ್ ತೋರಿಸುವ ಸಾಧನ) ಹಚ್ಚಿ, ಇನ್ನೊಂದರ ಪ್ಯಾಕೆಟ್ ಬರುತ್ತಿದೆಯೇ ನೋಡಿ. ಬಂದರೂ ಮಾಸ್ಟರ್ ಎನ್ನುತ್ತಿದ್ದರೆ ಆ ರೂಟರ್‌ನ ಒಳಗಿನ ಫೈರ್‌ವಾಲ್ ತಡೆಯುತ್ತಿದೆ, ಇಲ್ಲವೇ ವಿಆರ್‌ಐಡಿ (ಜೋಡಿ ರೂಟರ್‌ಗಳಲ್ಲಿ ಒಂದೇ ಇರಬೇಕಾದ ಗುರುತು ಸಂಖ್ಯೆ) ಹೊಂದುತ್ತಿಲ್ಲ. ಬರುತ್ತಲೇ ಇಲ್ಲವಾದರೆ ಪ್ರಾಕ್ಸ್‌ಮಾಕ್ಸ್ ಫೈರ್‌ವಾಲ್ ಅಥವಾ ಸ್ವಿಚ್‌ನ ಟ್ರಂಕ್ ಪೋರ್ಟ್ (ಹಲವು ವಿಲ್ಯಾನ್ ಒಟ್ಟಿಗೆ ಸಾಗಿಸುವ ಪೋರ್ಟ್) ನೋಡಬೇಕು. ವಿಆರ್‌ಆರ್‌ಪಿ ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ. ಅದರ ಐಪಿ ಪ್ರೊಟೊಕಾಲ್ ಸಂಖ್ಯೆ 112. ಪೋರ್ಟ್ ತೆರೆದು ಕುಳಿತರೆ ಏನೂ ಆಗುವುದಿಲ್ಲ.

ವರ್ಚುವಲ್ ಐಪಿಯ ಜೊತೆ ವರ್ಚುವಲ್ ಮ್ಯಾಕ್ ವಿಳಾಸವನ್ನೂ (ನೆಟ್‌ವರ್ಕ್ ಕಾರ್ಡಿನ ಗುರುತು) ಬಳಸುತ್ತಿದ್ದರೆ ಪ್ರಾಕ್ಸ್‌ಮಾಕ್ಸ್ ಫೈರ್‌ವಾಲ್‌ನ ಮ್ಯಾಕ್ ಫಿಲ್ಟರ್ ಅದನ್ನು ಕಳ್ಳನೆಂದು ಹಿಡಿಯುತ್ತದೆ. ಆ ಫಿಲ್ಟರನ್ನು ಈ ರೂಟರ್‌ಗಳಿಗೆ ಮಾತ್ರ ತೆಗೆಯಿರಿ. ಪ್ರಾಕ್ಸ್‌ಮಾಕ್ಸ್ ಬದಲು ಮೈಕ್ರೋಸಾಫ್ಟ್‌ನ ಹೈಪರ್-ವಿ ಇದ್ದವರು ಮ್ಯಾಕ್ ಸ್ಪೂಫಿಂಗ್‌ಗೆ ಅನುಮತಿ ಕೊಡಬೇಕು.

ಕೇಳಿದವರು ಮತ್ತೆ:
ಟ್ರಂಕ್‌ನಲ್ಲಿ ಒಂದು ವಿಲ್ಯಾನ್ ಬಿಟ್ಟುಹೋಗಿತ್ತು, ಸರಿಯಾಯಿತು. ಅಂಕದ ಲೆಕ್ಕವೂ ಕೆಲಸ ಮಾಡಿತು. ಈಗ ಎರಡನೆಯದು ಮಾಸ್ಟರ್ ಆದಾಗ ಸರ್ವರ್‌ಗಳಿಂದ ಅದಕ್ಕೆ ಪಿಂಗ್ ಹೋಗುತ್ತದೆ, ಅದರಾಚೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಮಾಸ್ಟರ್ ಪದವಿಯೂ ಅತ್ತಿತ್ತ ಓಡಾಡುತ್ತದೆ.

ಕಲಬುರಗಿಯ ಸೇಡಂ ರಸ್ತೆಯಿಂದ:
ಪಿಂಗ್ ರೂಟರ್‌ವರೆಗೆ ಮಾತ್ರ ಹೋದರೆ ಮೊದಲು ಐಪಿ ಫಾರ್ವರ್ಡಿಂಗ್ (ಬಂದ ಪ್ಯಾಕೆಟ್ಟನ್ನು ಮುಂದಕ್ಕೆ ಸಾಗಿಸುವ ಅನುಮತಿ) ನೋಡಿ. ಆದೇಶ ಕೊಟ್ಟು ಚಾಲೂ ಮಾಡಿ, ಸಿಸ್‌ಸಿಟಿಎಲ್ ಎಂಬ ಲಿನಕ್ಸ್ ಹೊಂದಿಕೆಯ ಕಡತದಲ್ಲಿ ಬರೆಯದಿದ್ದರೆ ರೀಬೂಟ್ ಆದಾಗ ಅದು ಸೊನ್ನೆಗೆ ಮರಳುತ್ತದೆ. ಅದು ಸರಿಯಿದ್ದರೆ ಆ ರೂಟರ್‌ನಲ್ಲಿ ಯಾರಾದರೂ ಡಾಕರ್ (ಕಂಟೇನರ್ ನಡೆಸುವ ತಂತ್ರಾಂಶ) ಹಾಕಿದ್ದಾರೆಯೇ ವಿಚಾರಿಸಿ. ಫೈರ್‌ವಾಲ್‌ನಲ್ಲಿ ಹಾದುಹೋಗುವ ಪ್ಯಾಕೆಟ್‌ಗಳ ನಿಯಮಪಟ್ಟಿಯಾದ ಫಾರ್ವರ್ಡ್ ಚೈನ್‌ನ ನೀತಿಯನ್ನು ಅದು ‘ಡ್ರಾಪ್’ (ಬಿಸಾಡು) ಎಂದು ಬದಲಿಸಿರಬಹುದು. ಮೂರನೆಯದು, ಹೊರಗಿನ ನ್ಯಾಟ್ ನಿಯಮ (ಒಳಗಿನ ವಿಳಾಸಗಳನ್ನು ಹೊರಗಿನ ಐಪಿಗೆ ಬದಲಿಸುವುದು) ಎರಡನೆಯದರಲ್ಲೂ ಇದೆಯೇ?

ಕರೆಂಟಿನ ಗೋಳಿಗೆ: ಎರಡೂ ರೂಟರ್‌ಗಳ ಆರಂಭ ಸ್ಥಿತಿಯನ್ನು ಬ್ಯಾಕಪ್ ಎಂದೇ ಬರೆದು ‘ನೋ ಪ್ರೀಎಂಪ್ಟ್’ ಹಾಕಿದರೆ, ಎದ್ದು ಬಂದ ಮೊದಲನೆಯದು ಪದವಿ ಕಸಿದುಕೊಳ್ಳುವುದಿಲ್ಲ. ಆದರೆ ಬೀದರ್‌ನವರು ಹೇಳಿದ ಅಂಕದ ಲೆಕ್ಕಕ್ಕೆ ಇದು ಅಡ್ಡಬರುತ್ತದೆ. ಬದುಕಿರುವ ಮಾಸ್ಟರ್‌ನ ಅಂಕ ಇಳಿದರೂ ಬ್ಯಾಕಪ್ ಸುಮ್ಮನಿರುತ್ತದೆ. ಹಾಗಾಗಿ ನಿಮಗೆ ಪ್ರೀಎಂಪ್ಟ್ ವಿಳಂಬವೇ (ಪದವಿ ಕಸಿದುಕೊಳ್ಳುವ ಮುನ್ನ ಕಾಯುವ ಸಮಯ) ಸರಿ. 300 ಸೆಕೆಂಡು ಇಡಿ, ಅಷ್ಟರಲ್ಲಿ ಕರೆಂಟ್ ನಿಂತಿತೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಫೈಬರ್ ಕಡಿದಾಗಲೂ ಬ್ಯಾಕಪ್ ಅಷ್ಟು ಕಾಯುವುದು ಬೇಡವಾದರೆ, ವಿಳಂಬವನ್ನು ಮೊದಲ ರೂಟರ್‌ನಲ್ಲಿ ಮಾತ್ರ ಹಾಕಿ.

ಬದಲಾವಣೆಯ ಹೊತ್ತಿಗೆ ನಡೆಯುತ್ತಿದ್ದ ವಿಪಿಎನ್ ಸಾಮಾನ್ಯವಾಗಿ ಕಡಿದುಹೋಗುತ್ತದೆ. ಎರಡು ರೂಟರ್‌ಗಳ ಸಂಪರ್ಕಪಟ್ಟಿ ಹೊಂದಿಸುವ ಕಾನ್‌ಟ್ರ್ಯಾಕ್‌ಡಿ ಹಾಕಿದರೂ ಪ್ರಯೋಜನವಿಲ್ಲ, ಕಂಪನಿ ಬದಲಾದಂತೆ ನಿಮ್ಮ ಹೊರಗಿನ ಐಪಿಯೇ ಬದಲಾಗುತ್ತದೆ. ತಾನಾಗಿಯೇ ಮತ್ತೆ ಜೋಡಿಸಿಕೊಳ್ಳುವಂತೆ ವಿಪಿಎನ್ ಹೊಂದಿಸಿ, ಫೈಬರ್ ಪಿನ್ ಕಿತ್ತು ನೋಡಿ.